ಸಾಕು ಎನ್ನಲು ಮರೆತ ಎಂಸಿ4ಆರ್ ಅವರಿಗೆ ದರ್ಜಿಯ ಅಹವಾಲು

ಹದಿನೆಂಟನೆಯ ಕ್ರೋಮೋಸೋಮಿನ ಖಾಯಂ ನಿವಾಸಿಗಳಾದ ಜೀನ್ ಮಹೋದಯರೂ, ಅವರ ಅಪ್ಪಣೆಯಂತೆ ತಯಾರಾಗುವ ಅದೇ ಹೆಸರಿನ ಪ್ರೋಟೀನ್ ಮಹಾಶಯರೂ ಆದ ಎಂಸಿ4ಆರ್ ಅವರ ಸನ್ನಿಧಾನಕ್ಕೆ, ಇಪ್ಪತ್ತಾರು ವರ್ಷಗಳಿಂದ ಊರಿನವರ ಸೊಂಟ ಅಳೆದು ಸ್ವಂತ ಹೊಟ್ಟೆ ಹೊರೆಯುತ್ತಿರುವ ದರ್ಜಿಯೊಬ್ಬನ ಸವಿನಯ ವಂದನೆಗಳು.

ಮಾನ್ಯರೇ, ತಾವು ನನ್ನ ಮಗಳ ಮಿದುಳಿನಲ್ಲಿ ಹದಿಮೂರು ವರ್ಷಗಳಿಂದ ಬಿಡಾರ ಹೂಡಿದ್ದೀರೆಂಬ ಸಂಗತಿ ನಮಗೆ ತಿಳಿದದ್ದು ಕಳೆದ ತಿಂಗಳು, ಆಸ್ಪತ್ರೆಯ ರಿಪೋರ್ಟು ಕೈಗೆ ಬಂದಾಗ. ಮೈಗೆ ಬೇಕಾದಷ್ಟು ಆಹಾರ ಸಂದಾಯವಾಗಿದೆ ಎಂಬ ಸುದ್ದಿಯನ್ನು ಕೇಳಿಸಿಕೊಂಡು, ‘ಸಾಕು’ ಎಂದು ಒಂದು ಮಾತು ಹೇಳುವುದು ತಮ್ಮ ಉದ್ಯೋಗವಂತೆ. ತಮ್ಮ ಜೀನಿನ ಬರವಣಿಗೆಯಲ್ಲಿ ಎಲ್ಲೋ ಒಂದಕ್ಷರ ಬದಲಾದ ಕಾರಣಕ್ಕೆ ತಮಗೆ ಆ ಸುದ್ದಿ ಸರಿಯಾಗಿ ಕೇಳಿಸುವುದಿಲ್ಲವಂತೆ. ಇಷ್ಟು ಹಗುರವಾದ ಕೆಲಸವನ್ನೂ ಮಾಡದೆ, ಇಷ್ಟು ದೀರ್ಘಕಾಲ ಒಂದೇ ಹುದ್ದೆಯಲ್ಲಿ ನೆಮ್ಮದಿಯಾಗಿ ಉಳಿದ ತಮ್ಮ ಸಾಮರ್ಥ್ಯವನ್ನು ಕಂಡು ನಾನು ಮೂಕನಾಗಿದ್ದೇನೆ. ಜಾಣಕಿವುಡರನ್ನು ನಾನೂ ಬಹಳ ನೋಡಿದ್ದೇನೆ, ಆದರೆ ಹುಟ್ಟಿನಿಂದಲೇ ಆ ವಿದ್ಯೆ ಕಲಿತು ಬಂದವರು ತಾವೊಬ್ಬರೇ.

ತಾವು ಮಾಡದ ಕೆಲಸವನ್ನು ನಮ್ಮ ಮನೆಯವರೆಲ್ಲ ಹಂಚಿಕೊಂಡು ಮಾಡಿದೆವು ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ನನ್ನ ಹೆಂಡತಿ ಬಿಸ್ಕತ್ತಿನ ಡಬ್ಬಿಯನ್ನು ಬೀರುವಿನ ಮೇಲಿಟ್ಟಳು. ನನ್ನ ತಾಯಿ ಪ್ರತಿ ತುತ್ತಿಗೂ “ಇದೇನು ಹೊಟ್ಟೇನೋ ಬಾವೀನೋ” ಎಂದು ಮೊಮ್ಮಗಳಿಗೆ ಕೇಳಿಸುವಂತೆಯೇ ಗೊಣಗಿದರು. ಬಂದುಹೋಗುವ ನೆಂಟರು “ಬಾಯಿ ಕಟ್ಟೋದು ಕಲಿಸಿ” ಎಂದು ಬಾಯಿ ತುಂಬ ತಿನ್ನುತ್ತಲೇ ಬುದ್ಧಿ ಹೇಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಬರೆ ಹಾಕಲು ಸರತಿ ಸಾಲೇ ಇತ್ತು.

ನನ್ನ ಸೇವೆ ಮಾತ್ರ ಇವರೆಲ್ಲರಿಗಿಂತ ನಾಜೂಕಿನದು. ಬೆಳೆಯುವ ಮಕ್ಕಳ ಬಟ್ಟೆ ಹೊಲಿಯುವಾಗ, ಮುಂದೆ ಬಿಚ್ಚಿ ಸಡಿಲ ಮಾಡಲು ಬರಲೆಂದು ಹೊಲಿಗೆಯ ಒಳಗೆ ಎರಡಿಂಚು ಬಟ್ಟೆ ಬಿಡುವುದು ನಮ್ಮ ಕಸುಬಿನ ಧರ್ಮ. ಊರಿನ ಮಕ್ಕಳಿಗೆಲ್ಲ ಅದನ್ನು ಬಿಟ್ಟ ನಾನು, ನನ್ನ ಮಗಳ ಶಾಲೆಯ ಸಮವಸ್ತ್ರಕ್ಕೆ ಬಿಡಲಿಲ್ಲ. ಟೇಪು ಮೂವತ್ತಾರು ಎಂದ ಸೊಂಟವನ್ನು ಅಳತೆ ಪುಸ್ತಕದಲ್ಲಿ ಮೂವತ್ತನಾಲ್ಕು ಎಂದು ಬರೆದು, ಬೇಕೆಂದೇ ಬಿಗಿಯಾಗಿ ಹೊಲಿದೆ. ಬಟ್ಟೆ ಒತ್ತಿದರೆ ಕೈ ತಟ್ಟೆಯಿಂದ ತಾನೇ ಹಿಂದೆ ಸರಿಯುತ್ತದೆ ಎಂಬುದು ನನ್ನ ಲೆಕ್ಕಾಚಾರ. ತಮ್ಮ ಹುದ್ದೆಗೆ ನಾನು ಒಂದು ಡಬಲ್ ಹೊಲಿಗೆಯನ್ನು ನೇಮಿಸಿದ್ದೆ.

ಅದು ತಮ್ಮಷ್ಟು ಗಟ್ಟಿಯಲ್ಲ. ಗಣಿತದ ಮೇಷ್ಟರು ಯಾರಿಗೂ ಬಾರದ ಒಂದು ಪ್ರಶ್ನೆ ಕೇಳಿದಾಗ, ಉತ್ತರ ಗೊತ್ತಿದ್ದ ನನ್ನ ಮಗಳು ಉತ್ಸಾಹದಿಂದ ಕೈ ಎತ್ತಿದಳು. ಕಂಕುಳಿನಿಂದ ಸೊಂಟದವರೆಗೆ ಹೊಲಿಗೆ ಬಿಟ್ಟುಕೊಂಡಿತು. ತರಗತಿಯೆಲ್ಲ ನಕ್ಕಿತು. ಅವಳು ಕೈ ಇಳಿಸಿದಳು. ಆ ದಿನದಿಂದ ಅವಳು ತರಗತಿಯಲ್ಲಿ ಕೈ ಎತ್ತಿಲ್ಲವೆಂದು ಮೇಷ್ಟರೇ ಅಂಗಡಿಗೆ ಬಂದು ಹೇಳಿ, ದೊಡ್ಡ ಆಸ್ಪತ್ರೆಗೆ ಒಮ್ಮೆ ತೋರಿಸಿ ಎಂದು ಹೋದರು.

ರಿಪೋರ್ಟು ಓದಿದ ಡಾಕ್ಟರಮ್ಮ, “ಮಗೂದು ಏನೂ ತಪ್ಪಿಲ್ಲ. ಅವಳಿಗೆ ನಿಜವಾಗ್ಲೂ ಅಷ್ಟು ಹಸಿವಾಗ್ತಿತ್ತು” ಎಂದರು. ಇದು ತಾಯಿಯಿಂದ ಬಂತೋ ತಂದೆಯಿಂದ ಬಂತೋ ಎಂಬ ಮಾತು ಬಂದಾಗ, ಯಾರೂ ಬೆರಳು ತೋರಿಸುವ ಮೊದಲೇ ನಾನು ಹೆಗಲು ಮುಟ್ಟಿ ನೋಡಿಕೊಂಡೆ. ಪರೀಕ್ಷೆ ಮಾಡಿಸಿದಾಗ ನನ್ನ ರಕ್ತದಲ್ಲೇ ತಾವು ಸಿಕ್ಕಿದಿರಿ. ನಾನು ಕಡ್ಡಿಯಂತೆ ಬೆಳೆದದ್ದು ಸಂಯಮದಿಂದ ಎಂದು ಮಗಳಿಗೆ ನೂರು ಸಲ ಹೇಳಿದ್ದೇನೆ. ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಎರಡನೆಯ ಸಲ ಬಡಿಸಲು ಪಾತ್ರೆಯಲ್ಲಿ ಏನೂ ಇರುತ್ತಿರಲಿಲ್ಲ ಎಂಬುದನ್ನು ಒಮ್ಮೆಯೂ ಹೇಳಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಅತ್ಯಲ್ಪ. ತಾವು ಒಂದು ದಿನ ರಜೆ ಹಾಕಿ, ಹೇಗೂ ರಜೆಯಲ್ಲೇ ಇದ್ದೀರಿ, ಅವಳ ತರಗತಿಗೆ ಬಂದು ಕಪ್ಪುಹಲಗೆಯ ಮುಂದೆ ನಿಂತು ತಪ್ಪೊಪ್ಪಿಕೊಳ್ಳಬೇಕು. ಬರುವಾಗ ನಾನು ಹೊಲಿದ ಆ ಸಮವಸ್ತ್ರವನ್ನೇ ತೊಟ್ಟು ಬರಬೇಕು. ಹರಿದದ್ದನ್ನು ಅದೇ ಅಳತೆಗೆ ಹೊಲಿದಿಟ್ಟಿದ್ದೇನೆ. ಆಮೇಲೆ ನಮ್ಮ ಮನೆಗೆ ಬಂದು, ಮಗಳ ಎದುರು ಕೂತು, ‘ನನ್ನದು ತಪ್ಪಾಯಿತು’ ಎನ್ನಬೇಕು. ಆ ಮಾತನ್ನು ಅವಳ ತಂದೆಯೇ ಹೇಳಬಹುದಲ್ಲ ಎಂದು ತಾವು ಕೇಳಬಹುದು. ಎಂಟು ದಿನದಿಂದ ಅವಳ ಕೋಣೆಯ ಬಾಗಿಲವರೆಗೆ ಹೋಗಿ ವಾಪಸು ಬರುತ್ತಿದ್ದೇನೆ, ಮಾನ್ಯರೇ. ಕೊನೆಗೆ ಧೈರ್ಯ ಸಾಲದೆ, ಕಿವಿ ಕೇಳದ ತಮಗೇ ಬರೆಯುತ್ತಿದ್ದೇನೆ.

ತಮ್ಮ ವಿಶ್ವಾಸಿ,
ತಮ್ಮನ್ನು ಮಗಳಿಗೆ ದಾಟಿಸಿದ ದರ್ಜಿ

ತಾ.ಕ.: ತಾವಿನ್ನು ಬಾಯಿಬಿಡುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ. ಹದಿಮೂರು ವರ್ಷಗಳಲ್ಲಿ ತಾವು ಹೇಳದ ಮಾತನ್ನು ಅವಳು ಈಗ ದಿನವೂ ಹೇಳುತ್ತಾಳೆ. ನಿನ್ನೆ ಎರಡನೆಯ ಸಲ ಬಡಿಸಲು ನಾನೇ ಸೌಟು ಹಿಡಿದು ಹೋದಾಗ, ತಟ್ಟೆಗೆ ಅಂಗೈ ಅಡ್ಡ ಹಿಡಿದು “ಸಾಕಪ್ಪಾ” ಎಂದಳು. ಅವಳ ಕಣ್ಣು ಸೌಟಿನ ಮೇಲೇ ಇತ್ತು. ಆ ಮಾತನ್ನು ಅವಳಿಗೆ ಕಲಿಸಿದವನು ನಾನು.