ಕತ್ತರಿಯಣ್ಣನ ಮೀನಿನ ಉಪವಾಸ

ಊರವರ ತಲೆಯನ್ನೆಲ್ಲ ನೀಟು ಮಾಡುವ ಕತ್ತರಿಯಣ್ಣನಿಗೆ ತನ್ನ ಗಾಜಿನ ತೊಟ್ಟಿಯೊಳಗಿನ ಹಸಿರು ಕೂದಲು ಮಾತ್ರ ಬಗ್ಗಲಿಲ್ಲ. ಅದು ಪಾಚಿ. ಮನೆಯ ಮುಂದಿನ ಕೋಣೆಯೇ ಅವನ ಕಟಿಂಗ್ ಅಂಗಡಿ. ಮೂಲೆಯಲ್ಲಿ ಉಪ್ಪುನೀರಿನ ತೊಟ್ಟಿ, ಅದರಲ್ಲಿ ನಾಲ್ಕು ಹವಳ, ಬಿಳಿ ಪಟ್ಟೆಯ ಒಂದೇ ಒಂದು ಕಿತ್ತಳೆ ಮೀನು. ಆ ತೊಟ್ಟಿಯೆಂದರೆ ಅವನಿಗೆ ಪ್ರಾಣ.

"ಸಾಯಂಕಾಲ ಸಾಕುಮೀನಿನಂಗಡಿಯವರು ತೊಟ್ಟಿ ನೋಡೋಕೆ ಬರ್ತಾರಲ್ಲ, ಅಷ್ಟರೊಳಗೆ ಇದು ಚೊಕ್ಕಟ ಆಗ್ಬೇಕು," ಎಂದಳು ಹೆಂಡತಿ. "ಇಲ್ಲಾಂದ್ರೆ ತೊಟ್ಟಿ ಅವರ ಗಾಡೀಲೇ ಹೋಗ್ಲಿ. ಆ ಜಾಗದಲ್ಲಿ ಇನ್ನೊಂದು ಕುರ್ಚಿ ಹಾಕ್ಬಹುದು."

ಕತ್ತರಿಯಣ್ಣ ಕತ್ತರಿ ಕೆಳಗಿಟ್ಟು ತೊಟ್ಟಿಗೆ ಅಡ್ಡ ನಿಂತ. ಮೀನಿಗೆ ತಿಂಡಿ ಹೆಚ್ಚಾದರೆ ಪಾಚಿ ಹೆಚ್ಚುತ್ತದೆಂದು ಕೇಳಿ ಅವನು ತಿಂಗಳಿನಿಂದ ದಿನ ಬಿಟ್ಟು ದಿನ ಒಂದೇ ಚಿಟಿಕೆ ಹಾಕುತ್ತಿದ್ದ. ಆದರೂ ಪಾಚಿ ಬೆಳೆಯುತ್ತಿತ್ತು. ಮೀನಂತೂ ಬಾಣಂತಿಯ ಹಾಗೆ ದುಂಡಗಾಗಿತ್ತು.

"ಪಾಚಿಗೆ ಬೆಳಕೇ ಆಧಾರ ಕಣಯ್ಯಾ. ಮುಚ್ಚಿಬಿಡು," ಎಂದರು ದಿನಾ ಪುಕ್ಕಟೆ ಪೇಪರ್ ಓದಲು ಬರುವ ರಿಟೈರ್ಡ್ ಮಾಸ್ತರು. ಕುರ್ಚಿಯಲ್ಲಿ ಒಬ್ಬ ಗಿರಾಕಿ ಕೂತಿದ್ದ. ಬಲಗಡೆ ಆಗಿತ್ತು, ಎಡಗಡೆ ಬಾಕಿ. ಕತ್ತರಿಯಣ್ಣ ಆತನ ಕೊರಳಿನ ಬಟ್ಟೆಯನ್ನೇ ಎಳೆದು ತೊಟ್ಟಿಗೆ ಹೊದಿಸಿದ. ಅದರ ಮೇಲಿದ್ದ ಕೂದಲೆಲ್ಲ ನೀರಿಗೆ ಬಿತ್ತು. ಹಸಿರಿನ ಜೊತೆಗೆ ಈಗ ಕಪ್ಪೂ ಸೇರಿತು.

ಅವನು ಜಾಲರಿ ಹಿಡಿದು ಒದ್ದಾಡುತ್ತಿದ್ದಾಗ ಎದುರುಮನೆಯ ಟೈಲರಮ್ಮ ಬಂದಳು. "ಕತ್ತರಿಸಿದ್ರೆ ಮತ್ತೆ ಬರತ್ತಣ್ಣ, ಬುಡಸಮೇತ ಕೀಳ್ಬೇಕು. ಕೂದಲಿನ ವಿಷಯ ನಿಮಗೆ ನಾನು ಹೇಳ್ಕೊಡ್ಬೇಕಾ?"

ಸರಿ, ಚಿಮಟ ಬಂತು, ಹಲ್ಲುಜ್ಜುವ ಬ್ರಷ್ ಬಂತು. ಕೊಳಕು ನೀರು ತೆಗೆಯಲು ಹಾಕಿದ ಪೈಪು ಬಕೆಟ್ಟಿನಿಂದ ಜಾರಿ ಬಾಗಿಲಲ್ಲಿದ್ದ ಚಪ್ಪಲಿಗಳೆಲ್ಲ ತೇಲಿದವು.

"ಅಣ್ಣಾ, ನನ್ನ ಎಡಗಡೆ?" ಎಂದ ಗಿರಾಕಿ.

"ಒಂದೇ ನಿಮಿಷ." ಹಾಗೆಂದ ಕತ್ತರಿಯಣ್ಣ ಹಿತ್ತಲಿಗೂ ಅಂಗಡಿಗೂ ಉಪ್ಪುನೀರು ಹೊರುತ್ತ ಸಾಯಂಕಾಲ ಮಾಡಿದ. ಅರ್ಧ ತಲೆಯಲ್ಲಿ ಬೀದಿಗಿಳಿಯಲು ನಾಚಿ ಗಿರಾಕಿ ಕುರ್ಚಿಯಿಂದೆದ್ದು ತೊಟ್ಟಿಯ ಪಕ್ಕದ ಸ್ಟೂಲಿನಲ್ಲಿ ಕೂತು ಉಳಿದ.

ಐದಕ್ಕೆ ಮೀನಿನಂಗಡಿಯವನು ಬಂದಾಗ ಹವಳಗಳು ಫಳಫಳ ಹೊಳೆಯುತ್ತಿದ್ದವು.

"ಚೆನ್ನಾಗಿ ತೊಳೆದಿದೀರಿ. ತಿಂಡಿ ಎಷ್ಟು ಹಾಕ್ತೀರಿ?"

"ದಿನ ಬಿಟ್ಟು ದಿನ ಒಂದು ಚಿಟಿಕೆ."

"ಈ ಹೊಟ್ಟೆ ಹಾಗೆ ಹೇಳ್ತಿಲ್ವಲ್ಲ."

ಮಾಸ್ತರು ಪೇಪರ್ ಮಡಚಿದರು. "ದಿನಾ ಬೆಳಗ್ಗೆ ನಾನೊಂದು ಚಿಟಿಕೆ... ಬಾಯಿ ಬಾಯಿ ಬಿಡತ್ತೆ ಕಣಯ್ಯಾ, ನೋಡೋಕಾಗಲ್ಲ."

"ನೀವೂನಾ ಮಾಸ್ತರೇ?" ಎಂದಳು ಟೈಲರಮ್ಮ. "ನಾನು ಮಧ್ಯಾಹ್ನ ಹಾಕ್ತಿದ್ದೆ."

ಕತ್ತರಿಯಣ್ಣ ಹೆಂಡತಿಯ ಕಡೆ ತಿರುಗಿದ. ಅವಳು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. "ನೀವು ಅದನ್ನ ಉಪವಾಸ ಕೆಡವಿದ್ರೆ ನನ್ನ ಕರುಳು ಚುರುಕ್ ಅನ್ನಲ್ವಾ? ರಾತ್ರಿ ಒಂದೇ ಒಂದು ಚಮಚ."

"ಚಮಚ," ಎಂದು ಮೀನಿನಂಗಡಿಯವನು ಹಣೆ ಹಿಡಿದುಕೊಂಡ. "ಹಾಗಾದ್ರೆ ತೊಟ್ಟಿ ನಾನೇ ತೊಗೊಂಡು ಹೋಗ್ಲಾ ಅಮ್ಮಾ?"

"ಯಾಕೆ, ನಮಗೆ ಸಾಕೋಕೆ ಬರಲ್ವಾ? ಅದು ಇಲ್ಲೇ ಇರತ್ತೆ," ಎಂದಳು ಹೆಂಡತಿ.

ಕತ್ತರಿಯಣ್ಣನಿಗೆ ಹೋದ ಜೀವ ಬಂದಂತಾಯಿತು. ಇನ್ನು ಪಾಚಿಯ ಕಾಟವೂ ಮುಗಿಯಿತೆಂದು ಖುಷಿಯಿಂದ ತಿಂಡಿಯ ಡಬ್ಬಿಯನ್ನು ಕ್ಷೌರದ ಕತ್ತಿಯ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. ಮೂವರೂ ತಲೆಯಾಡಿಸಿ ಒಪ್ಪಿಕೊಂಡರು.

ಅಷ್ಟರಲ್ಲಿ ಸ್ಟೂಲಿನ ಮೇಲಿನ ಅರ್ಧ ತಲೆ ಮೆಲ್ಲಗೆ ಕೆಮ್ಮಿತು.

"ಬೀಗ ಯಾಕಣ್ಣ, ಅದು ಖಾಲಿ ಡಬ್ಬಿ. ಬೆಳಗ್ಗಿಂದ ಕೂರಿಸಿದ್ರಲ್ಲ, ನನಗೆ ಹೊತ್ತೇ ಹೋಗ್ಲಿಲ್ಲ. ನೀವು ಹಿತ್ತಲಿಗೆ ಹೋದಾಗಲೆಲ್ಲ ಒಂದೊಂದು ಹಿಡಿ ಹಾಕ್ತಿದ್ದೆ. ಪಾಪ, ತುಂಬಾ ಹಸಿದಿತ್ತು."

ಕತ್ತರಿಯಣ್ಣ ಮೊದಲು ಆತನ ಎಡಗಡೆ ಮುಗಿಸಿದ. ಆಮೇಲೆ ತೊಟ್ಟಿ ಉಜ್ಜಿದ ಬ್ರಷ್ ಹುಡುಕತೊಡಗಿದ.