ಸಂಬಳ ಇಳಿಸಿಕೊಂಡ ಅಪ್ಪ

ಜರ್ಮನಿಯಲ್ಲಿ ಯೂನಿವರ್ಸಿಟಿ ಓದು ಪುಕ್ಕಟೆ ಎಂದು ಮೈಸೂರಿನ ನೆಂಟರಿಗೆಲ್ಲ ವರ್ಷಗಟ್ಟಲೆ ಹೇಳಿಕೊಂಡು ಬಂದವನು ನಾನು. ಪುಕ್ಕಟೆಯೇನೋ ನಿಜ. ಆದರೆ ಓದುವ ಹುಡುಗಿ ಎಲ್ಲಾದರೂ ಮಲಗಬೇಕು, ಏನಾದರೂ ತಿನ್ನಬೇಕು ಎಂಬ ಭಾಗ ನನ್ನ ಭಾಷಣದಲ್ಲಿ ಇರಲಿಲ್ಲ. ಮಗಳು ಮೇಘನಾಗೆ ಡ್ರೆಸ್ಡೆನ್ನಿನಲ್ಲಿ ಎಲೆಕ್ಟ್ರಾನಿಕ್ಸ್ ಸೀಟು ಸಿಕ್ಕಿದಾಗ ಅದು ಜ್ಞಾಪಕಕ್ಕೆ ಬಂತು. ನ್ಯೂರೆಂಬರ್ಗಿನಲ್ಲಿ ನಾವು ಆಗತಾನೇ ಫ್ಲ್ಯಾಟ್ ಕೊಂಡಿದ್ದೆವು. ಕಂತು ಕಟ್ಟಿದ ಮೇಲೆ ಕೈಯಲ್ಲಿ ಉಳಿಯುತ್ತಿದ್ದದ್ದು ಹೆಚ್ಚಾಗಿ ರಸೀದಿ.

"ಸರ್ಕಾರದ ನೆರವಿದೆ ಕಣೇ, ಬಾಫೆಗ್ ಅಂತ. ಅರ್ಧ ಸುಮ್ನೆ ಕೊಡ್ತಾರೆ, ಅರ್ಧ ಬಡ್ಡಿಯಿಲ್ಲದ ಸಾಲ. ಇಷ್ಟು ವರ್ಷ ಟ್ಯಾಕ್ಸ್ ಕಟ್ಟಿದೀನಿ, ನಮಗೆ ಕೊಡದೆ ಇನ್ಯಾರಿಗೆ ಕೊಡ್ತಾರೆ?" ಎಂದೆ ಹೆಂಡತಿ ಸುಧಾಗೆ.

"ಅಷ್ಟೊಂದು ಟ್ಯಾಕ್ಸ್ ಕಟ್ಟಿರೋದೇ ಪ್ರಾಬ್ಲಮ್ ಆಗ್ಬಹುದು ರೀ," ಎಂದಳು ಅವಳು.

ಇಂಟರ್ನೆಟ್ಟಿನಲ್ಲಿ ನೆರವು ಸಿಗುತ್ತದೋ ಇಲ್ಲವೋ ಎಂದು ಹೇಳುವ ಒಂದು ಕ್ಯಾಲ್ಕುಲೇಟರ್ ಸಿಕ್ಕಿತು. ನನ್ನ ಸಂಬಳ ಹಾಕಿದೆ. ಸಿಗುವುದಿಲ್ಲ, ಸಂಬಳ ತುಸು ಹೆಚ್ಚಾಯಿತು ಎಂದಿತು. ನನ್ನ ಸಂಬಳ ಹೆಚ್ಚಾಯಿತು ಎಂದು ಜೀವನದಲ್ಲಿ ನನಗೆ ಮೊದಲು ಹೇಳಿದ್ದು ಆ ಯಂತ್ರ.

ಇಂಥ ಗಳಿಗೆಯಲ್ಲಿ ಸಾಮಾನ್ಯ ಮನುಷ್ಯ ನೆರವಿನ ಕಚೇರಿಗೊಂದು ಫೋನ್ ಮಾಡುತ್ತಾನೆ. ನಾನು ಸಾಫ್ಟ್‌ವೇರ್ ಆರ್ಕಿಟೆಕ್ಟ್. ಎಕ್ಸೆಲ್ ತೆರೆದೆ. ಶುಕ್ರವಾರದ ಕೆಲಸ ಬಿಟ್ಟರೆ ಸಂಬಳ ಇಳಿಯುತ್ತದೆ, ತೆರಿಗೆಯೂ ಇಳಿಯುತ್ತದೆ, ಮಗಳಿಗೆ ನೆರವು ಬರುತ್ತದೆ. ಕೂಡಿಸಿ ಕಳೆದರೆ ನಮಗೇ ಲಾಭ. ಅಷ್ಟು ಅಚ್ಚುಕಟ್ಟಾದ ಶೀಟನ್ನು ನಾನು ಆಫೀಸಿಗೂ ಮಾಡಿಕೊಟ್ಟಿರಲಿಲ್ಲ.

"ಒಂದ್ಸಲ ಆ ಬಾಫೆಗ್ ಆಫೀಸಲ್ಲಿ ವಿಚಾರಿಸಿ ಮಾಡಿ," ಎಂದಳು ಸುಧಾ.

"ವಿಚಾರಿಸೋದೇನಿದೆ? ಎಲ್ಲಾ ವೆಬ್‌ಸೈಟಲ್ಲೇ ಇದೆ."

ಮೇಘನಾಳೂ ಫೋನಿನಲ್ಲಿ ಏನೋ ಹೇಳಲು ಹೊರಟಳು. "ಅಪ್ಪಾ, ಹಿಯರ್ ಒಂದು ಸ್ಟೂಡೆಂಟ್ ಜಾಬ್..."

"ನೀನು ಓದ್ಕೋ. ದುಡ್ಡಿನ ವಿಷಯ ನನಗೆ ಬಿಡು," ಎಂದು ಬಾಯಿ ಮುಚ್ಚಿಸಿದೆ. ಅಪ್ಪ ಅನ್ನಿಸಿಕೊಳ್ಳುವ ಸುಖ ಆ ಒಂದು ವಾಕ್ಯದಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗುವುದಿಲ್ಲ.

ನಮ್ಮ ಬಾಸ್ ಕ್ರಾಮರ್ ಬಳಿ ಹೋಗುವಾಗ ಅವರನ್ನು ಸಮಾಧಾನಪಡಿಸಲು ಬೇಕಾದ ಮಾತುಗಳನ್ನೆಲ್ಲ ಜರ್ಮನ್ನಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಅದರ ಅಗತ್ಯವೇ ಬೀಳಲಿಲ್ಲ.

"ಖಂಡಿತ. ಯಾವಾಗಿನಿಂದ?" ಎಂದರು.

ಇಷ್ಟು ಬೇಗ ಒಪ್ಪಿದ್ದು ನನಗೆ ರುಚಿಸಲಿಲ್ಲ. "ನನ್ನ ಶುಕ್ರವಾರದ ಕೆಲಸವನ್ನು ಯಾರಿಗೆ ಹಂಚುತ್ತೀರಿ?" ಎಂದು ಕೇಳಿದೆ.

ಅವರು ಕಿಟಕಿಯ ಕಡೆ ನೋಡಿ ಪ್ರಾಮಾಣಿಕವಾಗಿ ಯೋಚಿಸಿದರು. ಆಮೇಲೆ ಬಹಳ ಮರ್ಯಾದೆಯಿಂದ, "ಹಂಚುವಷ್ಟು ಇದೆಯೇ?" ಎಂದರು.

ಈ ಮಾತನ್ನು ನಾನು ಸುಧಾಗೆ ಹೇಳಲಿಲ್ಲ.

ಕಡಿಮೆ ಸಂಬಳದ ಚೀಟಿ ಕೈಗೆ ಬಂದ ಮೇಲೆಯೇ ಅರ್ಜಿ ಹಾಕುವುದೆಂದು ತೀರ್ಮಾನಿಸಿದೆ. ಪುರಾವೆ ಗಟ್ಟಿಯಾಗಿರಬೇಕಲ್ಲ. ಅದು ಬರುವಷ್ಟರಲ್ಲಿ ಡ್ರೆಸ್ಡೆನ್ನಿನಲ್ಲಿ ಚಳಿಗಾಲ ಬಂತು. ಮಗಳು ರಾತ್ರಿಯೂಟಕ್ಕೆ ದಿನವೂ ಬ್ರೆಡ್ಡು ತಿನ್ನುತ್ತಿದ್ದಳಂತೆ. ಅದನ್ನು ಅಮ್ಮನಿಗೆ ಮಾತ್ರ ಹೇಳಿದ್ದಳು.

ಒಂದು ಶುಕ್ರವಾರ ಫೈಲು ಕಂಕುಳಲ್ಲಿಟ್ಟುಕೊಂಡು ನಾನೇ ಡ್ರೆಸ್ಡೆನ್ನಿಗೆ ಹೋದೆ. ಶುಕ್ರವಾರಗಳಿಗೇನು, ಬೇಕಾದಷ್ಟಿದ್ದವು. ಮೇಘನಾಳನ್ನೂ ನೆರವಿನ ಕಚೇರಿಗೆ ಕರೆದೊಯ್ದೆ. ಅಲ್ಲಿದ್ದ ಮಹಿಳೆ ನಾನು ಇಳಿಸಿಕೊಂಡ ಸಂಬಳದ ಚೀಟಿಗಳನ್ನು ಒಂದೊಂದಾಗಿ ನೋಡಿ, ಅಷ್ಟೇ ಜೋಪಾನವಾಗಿ ವಾಪಸ್ ಕೊಟ್ಟರು.

"ಇವು ಬೇಡ. ನಾವು ನೋಡುವುದು ಕಳೆದ ವರ್ಷಕ್ಕೂ ಹಿಂದಿನ ವರ್ಷದ ಆದಾಯ."

"ಅಂದರೆ ಈಗಿನ ಸಂಬಳ?"

"ಅದು ಎಷ್ಟಿದ್ದರೂ ಈಗ ಲೆಕ್ಕಕ್ಕಿಲ್ಲ."

ಅವರು ಹೇಳಿದ ಆ ವರ್ಷ ನಮ್ಮ ಕಂಪನಿಗೆ ಕೆಲಸ ಕಡಿಮೆಯಾಗಿ ಎಲ್ಲರ ಸಂಬಳಕ್ಕೂ ಕತ್ತರಿ ಬಿದ್ದಿತ್ತು. ಅವರು ಅಂದಿನ ತೆರಿಗೆ ಕಾಗದ ನೋಡಿ, ಅಂಕಿ ಒತ್ತಿ, ಮುಗುಳ್ನಕ್ಕರು. "ನಿಮ್ಮ ಮಗಳಿಗೆ ಒಳ್ಳೆಯ ಮೊತ್ತವೇ ಸಿಗುತ್ತಿತ್ತು. ಓದು ಶುರುವಾದಾಗಲೇ ಯಾಕೆ ಅರ್ಜಿ ಹಾಕಲಿಲ್ಲ?"

ಏನು ಹೇಳಲಿ? ಬಡವನಾಗುವುದಕ್ಕೆ ಸ್ವಲ್ಪ ಸಮಯ ಹಿಡಿಯಿತು ಎನ್ನಲೇ?

"ಹಳೆಯ ತಿಂಗಳುಗಳದ್ದು ಕೊಡುವುದಿಲ್ಲ. ಅರ್ಜಿ ಹಾಕಿದ ತಿಂಗಳಿಂದ ಮಾತ್ರ," ಎಂದರು. ಇರಲಿ, ಇನ್ನು ಮುಂದಿನದಾದರೂ ಬರಲಿ ಎಂದು ಪಕ್ಕದಲ್ಲಿದ್ದ ಮೇಘನಾಳ ಕಡೆ ತಿರುಗಿದೆ. ಅವಳು ನೆಲ ನೋಡುತ್ತಿದ್ದಳು.

"ಅಪ್ಪಾ, ನಾನು ಜಾಬ್ ತಗೊಂಡ್ಬಿಟ್ಟೆ. ಚಿಪ್ ಫ್ಯಾಕ್ಟರೀಲಿ, ಟೆಸ್ಟಿಂಗ್. ಹೋದ ತಿಂಗಳಿಂದ."

"ಹೇಳ್ಬಾರ್ದಾ?"

"ಹೇಳಿದ್ನಲ್ಲ. ಯು ಸೆಡ್, ದುಡ್ಡಿನ ವಿಷಯ ನನಗೆ ಬಿಡು."

ಆ ಮಹಿಳೆ ಮಗಳ ಗಳಿಕೆಯನ್ನೂ ಹಾಕಿ ಮತ್ತೆ ಅಂಕಿ ಒತ್ತಿದರು. ಒಂದು ಮಿತಿ ಮೀರಿ ಅವಳು ದುಡಿದದ್ದನ್ನು ನೆರವಿನಲ್ಲಿ ಕಳೆಯುತ್ತಾರಂತೆ. ಕಳೆದ ಮೇಲೆ ಉಳಿದದ್ದು ತಿಂಗಳಿಗೆ ಕೆಲವು ಕಾಫಿಗೆ ಸಾಕಾಗುವಷ್ಟು. ಕೆಲಸ ಬಿಡು ಎಂದೆ. ಬಿಡುವುದಿಲ್ಲ ಎಂದಳು. ಅಲ್ಲಿ ಅವಳ ಮಾತನ್ನು ಕೇಳುತ್ತಾರಂತೆ. ಇದನ್ನು ಅವಳು ಕೋಪದಿಂದ ಹೇಳಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ಸೋಮವಾರ ಕ್ರಾಮರ್ ಬಳಿ ಹೋಗಿ ನನ್ನ ಶುಕ್ರವಾರ ವಾಪಸ್ ಬೇಕೆಂದೆ. "ಈಗ ಕಷ್ಟ. ಬಜೆಟ್ ಮುಗಿದಿದೆ," ಎಂದರು. ನನ್ನಿಂದ ಉಳಿದ ಹಣವೂ ಅದರಲ್ಲೇ ಮುಗಿದಿತ್ತು. ಸುಧಾ ತಾನು ಅರ್ಧ ದಿನ ಕೆಲಸ ಮಾಡುತ್ತಿದ್ದ ಶಿಶುವಿಹಾರದಲ್ಲಿ ಪೂರ್ತಿ ದಿನ ಕೇಳಿ ಪಡೆದಳು. ಶುಕ್ರವಾರದ ಅಡುಗೆ ನನ್ನದಾಯಿತು.

ಮತ್ತೊಮ್ಮೆ ಮಗಳನ್ನು ನೋಡಲು ಹೋದಾಗ ಅವಳು ಯೂನಿವರ್ಸಿಟಿ ಕ್ಯಾಂಟೀನಿಗೆ ಕರೆದೊಯ್ದಳು. ಅಲ್ಲಿ ವಿದ್ಯಾರ್ಥಿಗೆ ಒಂದು ದರ, ಹೊರಗಿನವರಿಗೆ ಇನ್ನೊಂದು. ಕೌಂಟರಿನವನು ನನ್ನ ನರೆಗೂದಲು ನೋಡಿ ದುಬಾರಿ ದರ ಒತ್ತಿದ. ನಾನು ಜೇಬು ತಡಕುವಷ್ಟರಲ್ಲಿ ಮೇಘನಾ ತನ್ನ ಕಾರ್ಡ್ ಇಟ್ಟಳು.

"ಇರ್ಲಿ ಬಿಡಪ್ಪಾ, ಸಂಬಳ ಬಂದಿದೆ."

ನಾನು ಬೇಡವೆನ್ನಲಿಲ್ಲ. ಪಕ್ಕದಲ್ಲಿ ಬಟ್ಟಲಿನಲ್ಲಿ ಪುಡ್ಡಿಂಗ್ ಇಟ್ಟಿದ್ದರು, ಅದನ್ನೂ ತೆಗೆದುಕೊಂಡೆ. ಇಷ್ಟೆಲ್ಲ ಓಡಾಡಿದ ಮೇಲೆ ನಮ್ಮ ಮನೆಯಲ್ಲಿ ಧನಸಹಾಯ ಎನ್ನುವಂಥದ್ದು ಸಿಕ್ಕಿದ್ದು ನನಗೊಬ್ಬನಿಗೇ.