ತೆರೆರೆ ಬಟ್ಟಲು ಮತ್ತು ಎರಡನೆಯ ನೊಂದವರು

ನಮ್ಮ ಪರಾಗ್ವೆಯ ಜಿಲ್ಲಾ ಆಸ್ಪತ್ರೆಯೊಂದರಲ್ಲಿ, ಸಿಬ್ಬಂದಿಯ ತಪ್ಪಿನಿಂದ ರೋಗಿ ತೀರಿಕೊಂಡಲ್ಲಿ ಸದರಿ ಸಿಬ್ಬಂದಿಯನ್ನು 'ಎರಡನೆಯ ನೊಂದವರು' ಎಂದು ಪರಿಗಣಿಸಿ ಸಾಂತ್ವನ ನೀಡತಕ್ಕದ್ದು ಎಂದು ನಿರ್ದೇಶಕರಾದ ಡಾಕ್ಟರ್ ಫ್ರೆಟೆಸ್ ಆದೇಶ ಹೊರಡಿಸಿದರು. ಮೊದಲನೆಯ ನೊಂದವರ ಬಗ್ಗೆ ಆದೇಶದಲ್ಲಿ ಏನೂ ಇರಲಿಲ್ಲ. ಅವರು ಹೇಗೂ ಗೋರಿಯಲ್ಲಿರುವುದರಿಂದ ಅವರ ಕಡೆಯಿಂದ ತಕರಾರೂ ಬರಲಿಲ್ಲ. ಅಷ್ಟರಲ್ಲಾಗಲೇ ರಾಜಧಾನಿಯಿಂದ ಅನುದಾನ ಬಂದಿತ್ತು, ಸಭಾಕೋಣೆಗೆ ಏ.ಸಿ. ಬಂದಿತ್ತು, ಮೆತ್ತನೆಯ ಕುರ್ಚಿಗಳು ಬಂದಿದ್ದವು, 'ಇಲ್ಲಿ ಮನಸ್ಸು ಬಿಚ್ಚಿ ಮಾತಾಡಿ' ಎಂಬ ಫಲಕವೂ ಗೋಡೆ ಏರಿತ್ತು. ನೊಂದವರು ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಆ ಕೊರತೆಯನ್ನು ನರ್ಸ್ ಬೆನಿಗ್ನಾ ನೀಗಿಸಿದಳು. ಗಂಡಸರ ವಾರ್ಡಿನ ಔಷಧದ ಡ್ರಾಯರಿನಲ್ಲಿ ಉಪ್ಪುನೀರಿನ ಪುಟ್ಟ ಸೀಸೆಗಳನ್ನೂ ಪೊಟ್ಯಾಸಿಯಂ ಸೀಸೆಗಳನ್ನೂ ಒಟ್ಟಿಗೇ ಸುರಿದಿಡುವುದು ಹಿಂದಿನಿಂದ ಬಂದ ಪದ್ಧತಿ. ಎರಡೂ ಒಂದೇ ಗಾಜು, ಒಂದೇ ಎತ್ತರ, ಒಂದೇ ನೀಲಿ ಅಕ್ಷರ. ಒಂದನ್ನು ಚುಚ್ಚಿದರೆ ಏನೂ ಆಗದು, ಇನ್ನೊಂದನ್ನು ನೇರ ನರಕ್ಕೆ ಚುಚ್ಚಿದರೆ ಎದೆ ನಿಲ್ಲುತ್ತದೆ. ಮೂವರ ಕೆಲಸವನ್ನು ಒಬ್ಬಳೇ ಎಳೆಯುತ್ತಿದ್ದ ದಿನ ಅವಳ ಕೈ ಪಕ್ಕದ ಸೀಸೆಗೆ ಹೋಯಿತು. "ಯಾಕೋ ಉರೀತಿದೆ ಕಣಮ್ಮ" ಎಂದ ಹಾಸಿಗೆಯಲ್ಲಿದ್ದ ರೋಗಿ ದೋನ್ ಸಿಂಫೋರಿಯಾನೊ. ಮತ್ತೆ ಮಾತಾಡಲಿಲ್ಲ.

ಅವನ ಹೆಂಡತಿ ನ್ಯಾ ಪಾಬ್ಲಿನಾ ಆಸ್ಪತ್ರೆಯ ಗೇಟಿನಲ್ಲಿ ಚಿಪಾ ರೊಟ್ಟಿ ಮಾರುವ ಮುದುಕಿ. ಗಂಡನ ಎದೆಯೇ ದುರ್ಬಲವಾಗಿತ್ತು ಎಂದು ಆಸ್ಪತ್ರೆ ಅವಳಿಗೆ ತಿಳಿಯಪಡಿಸಿತ್ತು. ಅವಳು ದಿನಾ ಬೆಳಿಗ್ಗೆ ಬೆನಿಗ್ನಾಳನ್ನು ಅಡ್ಡಗಟ್ಟಿ, ಬಿಸಿ ಚಿಪಾ ಒಂದನ್ನು ಕೈಗೆ ತುರುಕುತ್ತಿದ್ದಳು.

"ತಗೋ ಮಗಳೇ. ನಮ್ಮ ಯಜಮಾನ್ರ ಕೊನೇ ಗಳಿಗೇಲಿ ಹತ್ರ ಇದ್ದೋಳು ನೀನು. ದುಡ್ಡು ಗಿಡ್ಡು ಅಂದ್ರೆ ಬೈಸ್ಕೋತೀಯ ನೋಡು!"

ಆ ಚಿಪಾಗಳು ಬೆನಿಗ್ನಾಳ ಚೀಲದಲ್ಲೇ ಒಣಗುತ್ತಿದ್ದವು. ಕಡೆಗೆ ತಡೆಯಲಾರದೆ ನಿರ್ದೇಶಕರ ಬಾಗಿಲು ತಟ್ಟಿದಳು.

"ಡಾಕ್ಟ್ರೇ, ಆಯಮ್ಮಂಗೆ ನಿಜ ಹೇಳ್ಬಿಡ್ತೀನಿ. ಆಮೇಲೆ ಹೊಡೀಲಿ, ಜೈಲಿಗೆ ಹಾಕಿಸ್ಲಿ."

"ಛೆ ಛೆ! ನೀವು ನೊಂದಿದ್ದೀರಮ್ಮ. ನೊಂದವರು ಹೊರಗಿನವರ ಹತ್ರ ಬಾಯಿಬಿಟ್ರೆ ಇನ್ನೂ ನೋಯ್ತಾರೆ. ನಿಮ್ ಜೊತೆ ಆಸ್ಪತ್ರೇನೂ ನೋಯುತ್ತೆ. ಏನಿದ್ರೂ ನಮ್ಮ ಸಾಂತ್ವನ ಸಭೇಲಿ ಹೇಳಿ."

"ಹೋಗ್ಲಿ, ಆ ಸೀಸೆಗಳನ್ನಾದ್ರೂ ಬೇರೆ ಬೇರೆ ಇಡ್ಸಿ."

ನಿರ್ದೇಶಕರು ಕನ್ನಡಕ ತೆಗೆದು ಅವಳನ್ನು ಕನಿಕರದಿಂದ ನೋಡಿದರು. "ಬೇರೆ ಇಟ್ರೆ ತಪ್ಪು ಆಗಲ್ಲ. ತಪ್ಪು ಆಗ್ದಿದ್ರೆ ಯಾರೂ ನೋಯಲ್ಲ. ಯಾರೂ ನೋಯ್ದಿದ್ರೆ ಅನುದಾನ ವಾಪಸ್ ಹೋಗುತ್ತೆ. ಆಮೇಲೆ ನಿಮಗೆ ಸಾಂತ್ವನ ಹೇಳೋರು ಯಾರಮ್ಮ?"

ಎಂಥಾ ದೂರದೃಷ್ಟಿ! ಡ್ರಾಯರನ್ನು ಯಾರೂ ಮುಟ್ಟಕೂಡದೆಂದು ಅಂದೇ ಸೂಚನೆ ಹೋಯಿತು.

ಸಾಂತ್ವನ ಸಭೆ ಪ್ರತಿ ಗುರುವಾರ ನಡೆಯುತ್ತಿತ್ತು. ಹೊರಗೆ ರಣಬಿಸಿಲು, ಒಳಗೆ ಏ.ಸಿ. ಹೀಗಾಗಿ ಲೆಕ್ಕಾಧಿಕಾರಿ, ಉಗ್ರಾಣದವರು, ನಿರ್ದೇಶಕರ ಭಾವಮೈದುನ, ಎಲ್ಲರೂ ಬೆನಿಗ್ನಾಳ ನೋವಿನ ಸುದ್ದಿ ಕೇಳಿಯೇ ತಾವೂ ನೊಂದವರೆಂದು ಹೆಸರು ಬರೆಸಿ ಕುರ್ಚಿ ಹಿಡಿದಿದ್ದರು. ಮನಸ್ಸು ಬಿಚ್ಚಲು ತೆರೆರೆ ಎಂಬ ಸೊಪ್ಪಿನ ತಂಪು ಪಾನೀಯಕ್ಕಿಂತ ಒಳ್ಳೆಯದು ನಮ್ಮಲ್ಲಿ ಬೇರೆ ಇಲ್ಲವಾದ್ದರಿಂದ, ಅದನ್ನು ಹಂಚುವ ಅಧಿಕಾರವನ್ನು ಗುಮಾಸ್ತ ಅತಾನಾಸಿಯೊಗೆ ವಹಿಸಲಾಗಿತ್ತು. ಸೊಪ್ಪು ತುಂಬಿದ ಕೊಂಬಿನ ಬಟ್ಟಲಿಗೆ ಅವನು ತಣ್ಣೀರು ಹೊಯ್ದು ಒಬ್ಬರಿಗೆ ಕೊಡುವುದು, ಅವರು ಕೊಳವೆಯಲ್ಲಿ ಹೀರಿ ಖಾಲಿ ಮಾಡಿ ಹಿಂತಿರುಗಿಸುವುದು, ಮತ್ತೆ ಹೊಯ್ದು ಪಕ್ಕದವರಿಗೆ. ಗದ್ದಲವಾಗಬಾರದೆಂದು ನಿರ್ದೇಶಕರು ಒಂದು ನಿಯಮ ಸೇರಿಸಿದ್ದರು: ಕೈಯಲ್ಲಿ ಬಟ್ಟಲು ಇದ್ದವರು ಮಾತ್ರ ಮಾತಾಡತಕ್ಕದ್ದು.

ನಿಯಮ ಚೆನ್ನಾಗಿಯೇ ಇತ್ತು. ಆದರೆ ಬಟ್ಟಲು ಹಿಡಿದು ಮಾತಿಗೆ ಕೂರುವುದು ನಮ್ಮಲ್ಲಿ ಮಹಾ ಅಸಭ್ಯತನ, ಮುಂದಿನವರ ಬಾಯಾರಿಕೆಗೆ ಅಡ್ಡ ನಿಂತ ಹಾಗೆ. ಬೆನಿಗ್ನಾ ಬಟ್ಟಲು ಹಿಡಿದು "ಅವತ್ತು ಏನಾಯ್ತು ಅಂದ್ರೆ..." ಎನ್ನುವಷ್ಟರಲ್ಲಿ ಸುತ್ತಲಿನವರೆಲ್ಲ, "ಅಮ್ಮಾ, ಅದು ಮೈಕಲ್ಲ! ಹೀರಿ ಕೊಡಿ!" ಎನ್ನುತ್ತಿದ್ದರು. ಹೀರಿ ಕೊಟ್ಟ ಮೇಲೆ ಬಾಯಿ ತೆರೆದರೆ, "ಬಟ್ಟಲು ಎಲ್ಲಮ್ಮ?" ಎಂದು ಅತಾನಾಸಿಯೊ ನಿಯಮ ತೋರಿಸುತ್ತಿದ್ದ. ಹುಚ್ಚು ಬಿಡದೆ ಮದುವೆ ಇಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ! ಗುರುವಾರಗಳು ಕಳೆದಂತೆ ಬೆನಿಗ್ನಾಳಿಗೂ ರೂಢಿಯಾಯಿತು. ಬೇರೆಯವರು ಬಟ್ಟಲು ಹಿಡಿದು ತಡಮಾಡಿದರೆ ಈಗ ಅವಳೂ ದನಿ ಸೇರಿಸುತ್ತಿದ್ದಳು. ಇದನ್ನು ಗಮನಾರ್ಹ ಚೇತರಿಕೆ ಎಂದು ರಾಜಧಾನಿಗೆ ವರದಿ ಮಾಡಲಾಯಿತು.

ವರದಿ ಮೆಚ್ಚಿ ರಾಜಧಾನಿಯಿಂದ ಪರಿವೀಕ್ಷಕರು ಬಂದರು. ಅವರಿಗೆ ತಿಂಡಿ ಬೇಕಲ್ಲ, ಗೇಟಿನಿಂದ ಚಿಪಾ ತರಿಸಿದರು. ಬುಟ್ಟಿ ಹೊತ್ತು ಒಳಗೆ ಬಂದವಳು ನ್ಯಾ ಪಾಬ್ಲಿನಾ. ಬೆನಿಗ್ನಾಳನ್ನು ಕಂಡದ್ದೇ ಅವಳ ಮುಖ ಅರಳಿತು.

"ಅಗೋ, ನನ್ ಮಗಳು! ಮೊದ್ಲು ನೀನು ತಗೋ."

ಬೆನಿಗ್ನಾಳ ಕೈಯಲ್ಲಿ ಆಗ ಬಟ್ಟಲಿತ್ತು. ಎದ್ದು ನಿಂತಳು. "ಅಮ್ಮಾ, ನಿಮ್ಮ ಯಜಮಾನ್ರಿಗೆ ತಪ್ಪು ಸೀಸೆ ಚುಚ್ಚಿದ್ದು ನಾನು. ಅವ್ರ ಎದೆ ನಿಂತಿದ್ದು ಅದ್ರಿಂದಾನೇ."

ಒಂದೇ ಉಸಿರಿಗೆ ಹೇಳಿಬಿಟ್ಟದ್ದರಿಂದ ತಡೆಯಲು ಯಾರಿಗೂ ಸಮಯ ಸಿಗಲಿಲ್ಲ. ಮುದುಕಿಯ ಬುಟ್ಟಿ ನೆಲಕ್ಕೆ ಬಿತ್ತು. ಪರಿವೀಕ್ಷಕರು ತಮ್ಮ ಶೂ ನೋಡಿಕೊಂಡರು. ಡಾಕ್ಟರ್ ಫ್ರೆಟೆಸ್ ಮಾತ್ರ ಸಮಯಪ್ರಜ್ಞೆ ಕಳೆದುಕೊಳ್ಳಲಿಲ್ಲ.

"ಅಯ್ಯೋ, ಈ ತಾಯಿಗೂ ನೋವಾಯ್ತು! ಕುರ್ಚಿ ತನ್ರೋ! ಅತಾನಾಸಿಯೊ, ಇವರನ್ನೂ ಸೇರಿಸ್ಕೊ."

"ಸಾಧು, ಸಾಧು!" ಎಂದರು ಪರಿವೀಕ್ಷಕರು. "ರೋಗಿ ಕಡೆಯೋರನ್ನೂ ಒಳಗೊಂಡ ಆಸ್ಪತ್ರೆ ನಾನು ಇದೇ ಮೊದಲು ನೋಡ್ತಿರೋದು."

ಮುದುಕಿಯನ್ನು ಮೆತ್ತನೆಯ ಕುರ್ಚಿಯಲ್ಲಿ, ಬೆನಿಗ್ನಾಳ ಪಕ್ಕದಲ್ಲೇ ಕೂರಿಸಿದರು. ಅತಾನಾಸಿಯೊ ಬಟ್ಟಲಿಗೆ ತಣ್ಣೀರು ಹೊಯ್ದು ಚಾಚಿದ. ಚಾಚಿದ ಬಟ್ಟಲನ್ನು ಬೇಡವೆನ್ನುವುದು ನ್ಯಾ ಪಾಬ್ಲಿನಾಳಿಗೆ ಹುಟ್ಟಿನಿಂದ ಗೊತ್ತಿರಲಿಲ್ಲ, ಈಸಿಕೊಂಡಳು. ಬೆನಿಗ್ನಾಳ ಕಡೆ ತಿರುಗಿ ಕೇಳಿದಳು:

"ಯಾವ ಸೀಸೆ ಮಗಳೇ? ನನ್ ಗಂಡಂಗೆ ಏನ್ ಕೊಟ್ಟೆ ನೀನು?"

"ಅಮ್ಮಾ, ಅದು ಮೈಕಲ್ಲ! ಹೀರಿ ಕೊಡಿ!" ಎಂದರು ಎಲ್ಲರೂ ಒಕ್ಕೊರಲಿನಿಂದ. ಆ ದನಿಗಳಲ್ಲಿ ಬೆನಿಗ್ನಾಳದ್ದೂ ಇತ್ತು.

ಮುದುಕಿ ತಲೆ ತಗ್ಗಿಸಿ ಹೀರತೊಡಗಿದಳು.